ಅಜ್ಜನ ಕೋವಿ, ಟೆಕ್ಸಾಸಿನ ಖಾಲಿ ರೂಮು, ನಿನ್ನ ವೀಸಾ

ತಮ್ಮಾ, ನೀನು ಬರ್ದಿದ್ದು ಪೂರ್ತಿ ಓದ್ದೆ. ಶಿರಸಿಯಿಂದ ಡಾಲಸ್‌ಗೆ ಬಂದು ಎಚ್-1ಬಿ ಮೇಲೆ ಕೆಲಸಕ್ಕೆ ಸೇರಿದೀಯ, ಆಫೀಸಿನವನೊಬ್ಬ ಮನೆಗೆ ಕರ್ದು ತನ್ನ ಗನ್ ರೂಮ್ ತೋರಿಸ್ದ, ಗಾಜಿನ ಹಿಂದೆ ಲೈಟ್ ಹಾಕಿ ಸಾಲಾಗಿ ನಿಲ್ಸಿದ್ದು ನೋಡಿ ನಿಂಗೂ ಆಸೆ ಆಯ್ತು. ಮುಂದೆ ಮನೆ ತಗೊಂಡ್ರೆ ಒಂದು ರೂಮನ್ನ ಹಾಗೇ ಮಾಡ್ಸಿ, ತೀರಿಹೋದ ಅಜ್ಜನ ಜೋಡಿನಳಿಗೆ ಕೋವಿ ತಂದು ಇಡಬಹುದಾ ಅಂತ ಕೇಳಿದೀಯ. ನಾನು ಅಂಕೋಲೆ ಕಡೆಯವ, ಹ್ಯೂಸ್ಟನ್‌ನಲ್ಲಿ ನೆಲೆ ನಿಂತು ಬಹಳ ವರ್ಷ ಆಯ್ತು, ನಮ್ಮನೇಲೂ ಅಂಥದ್ದೊಂದು ರೂಮಿದೆ, ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ, ಬೇಜಾರು ಮಾಡ್ಕೋಬೇಡ.

ರೂಮಿನ ಮಾತು ಆಮೇಲೆ, ಮೊದ್ಲು ವೀಸಾ. ಎಚ್-1ಬಿ, ಸ್ಟೂಡೆಂಟ್ ವೀಸಾ ಇಂಥವ್ರು ಯಾರೂ ಬಂದೂಕಾಗ್ಲಿ ತೋಟಾ ಆಗ್ಲಿ ಇಟ್ಕೊಳ್ಳೋ ಹಾಗಿಲ್ಲ, 1998ರಿಂದ ಇರೋ ಫೆಡರಲ್ ಕಾನೂನು ಇದು, ಟೆಕ್ಸಾಸಿನಲ್ಲಿ ಎಲ್ಲರ ಮನೇಲೂ ಇರುತ್ತೆ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ. ಶೂಟಿಂಗ್ ರೇಂಜ್‌ಗೆ ಹೋಗಿ ಬಂದೂಕು ಬಾಡಿಗೆಗೆ ತಗೊಂಡು ಹೊಡೆಯೋದೂ ಇದ್ರಲ್ಲೇ ಬರುತ್ತೆ, ಗೆಳೆಯ ಊರಿಗೆ ಹೋಗ್ತಾ ನಿನ್ನ ಮನೇಲಿ ಇಟ್ಟಿರು ಅಂತ ಕೊಟ್ಟು ಹೋದ್ರೂ ಬರುತ್ತೆ. ಕೆಲವು ವಿನಾಯ್ತಿ ಇದಾವೆ, ಯಾವ್ದಾದ್ರೂ ರಾಜ್ಯದ ಹಂಟಿಂಗ್ ಲೈಸೆನ್ಸ್ ಚಾಲ್ತೀಲಿದ್ರೆ ಇಟ್ಕೋಬಹುದು ಅನ್ನೋದು ಅದ್ರಲ್ಲೊಂದು, ಅದನ್ನೇ ಹಿಡ್ಕೊಂಡು ಏನೂ ಆಗಲ್ಲ ತಗೋ ಮಾರಾಯ ಅನ್ನೋರು ನಿಂಗೆ ಸಿಕ್ಕೇ ಸಿಗ್ತಾರೆ. ಆ ಲೈಸೆನ್ಸ್ ಮುಗಿದಿದ್ದು ಗಮನಕ್ಕೆ ಬರ್ಲಿಲ್ಲ ಅಂದ್ರೆ ಮರುದಿನದಿಂದ ನೀನು ಅಪರಾಧಿ, ಬಂದೂಕಿನ ಕೇಸಿನಲ್ಲಿ ಶಿಕ್ಷೆ ಆದ್ರೆ ದೇಶದಿಂದ್ಲೇ ಹೊರಗೆ ಹಾಕ್ತಾರೆ. ನನ್ನ ತಮ್ಮನೇ ಕೇಳಿದ್ರೂ ಇದನ್ನೇ ಹೇಳ್ತಿದ್ದೆ, ಗ್ರೀನ್ ಕಾರ್ಡ್ ಕೈಗೆ ಬರೋವರೆಗೂ ಮುಟ್ಟಬೇಡ. ಬಂದ್ಮೇಲೆ ಅಂಗಡೀಲಿ ಬಂದೂಕು ಕೊಳ್ಳೋರು ತುಂಬೋ 4473 ಫಾರ್ಮ್ ತುಂಬು, ಬ್ಯಾಕ್‌ಗ್ರೌಂಡ್ ಚೆಕ್ ಆಗುತ್ತೆ, ರಾಜಾರೋಷವಾಗಿ ತಗೊಂಡು ಬಾ.

ಅಜ್ಜನ ಕೋವಿ ವಿಷ್ಯ ಅದಕ್ಕಿಂತ ಅರ್ಜೆಂಟು. ಲೈಸೆನ್ಸು ಅಜ್ಜನ ಹೆಸರಲ್ಲಿತ್ತು, ಅಜ್ಜ ಹೋದ್ಮೇಲೆ ಆ ಲೈಸೆನ್ಸಿಂದ ಮನೆಯವ್ರಿಗೆ ಕೋವಿ ಇಟ್ಕೊಳ್ಳೋ ಹಕ್ಕಿಲ್ಲ. ಈಗ್ಲೂ ಅಟ್ಟದ ಗೋಡೆಗೇ ಇದೆ ಅಂತ ಬರ್ದಿದೀಯ, ಅದು ಸರಿಯಲ್ಲ, ಅಪ್ಪಂಗೆ ಇವತ್ತೇ ಫೋನ್ ಮಾಡು. ಪೊಲೀಸ್ ಸ್ಟೇಷನ್‌ನಲ್ಲೋ ಲೈಸೆನ್ಸ್ ಇರೋ ಗನ್ ಅಂಗಡೀಲೋ ಡಿಪಾಸಿಟ್ ಮಾಡಿ ರಸೀದಿ ತಗೊಳ್ಲಿ, ಚುನಾವಣೆ ಬಂದಾಗೆಲ್ಲ ಬೆಳೆ ರಕ್ಷಣೆ ಕೋವಿ ಸ್ಟೇಷನ್‌ಗೆ ಒಪ್ಸಿ ಅಭ್ಯಾಸ ಇರೋ ಊರು ನಮ್ದು, ದಾರಿ ಎಲ್ಲರಿಗೂ ಗೊತ್ತು. ಆಮೇಲೆ ವಾರಸುದಾರ ಅಂತ ಅಪ್ಪನ ಹೆಸರಿಗೆ ಅರ್ಜಿ ಹಾಕ್ಲಿ, 2016ರ ಆರ್ಮ್ಸ್ ರೂಲ್ಸ್‌ನಲ್ಲಿ ಅದಕ್ಕೆ ಅವಕಾಶ ಇದೆ. ಕಾರವಾರದ ಡಿಸಿ ಆಫೀಸಿಗೆ ಘಟ್ಟ ಇಳಿದು ಓಡಾಡ್ಬೇಕಾಗುತ್ತೆ, ಓಡಾಡ್ಲಿ. ಇಲ್ಲಿಗೆ ತರೋ ಯೋಚನೆ ಬಿಟ್ಬಿಡು ಅಂತೀನಿ ನಾನು. ಅಲ್ಲಿಂದ ಹೊರಗೆ ಕಳ್ಸೋಕೆ ಆರ್ಮ್ಸ್ ಆ್ಯಕ್ಟ್ ಪ್ರಕಾರ ಬೇರೆ ಲೈಸೆನ್ಸು, ಇಲ್ಲಿ ಒಳಗೆ ತರೋಕೆ ಎಟಿಎಫ್ ಅಂತ ಬಂದೂಕಿನ ವ್ಯವಹಾರ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಇಲಾಖೆ ಇದೆ, ಅದ್ರ ಫಾರ್ಮ್ 6. 1898 ಅಥವಾ ಅದಕ್ಕೂ ಮುಂಚೆ ತಯಾರಾದದ್ದನ್ನ ಇಲ್ಲಿ ಆ್ಯಂಟಿಕ್ ಅಂತ ಬಿಡ್ತಾರೆ ನಿಜ, ಆದ್ರೆ ನೂರು ವರ್ಷ ಮೀರಿದ್ರೆ ನಮ್ಮ ಕಡೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರಬಹುದು. ಹಂದಿ ಮಂಗ ಓಡ್ಸಿ ಅಡಿಕೆ ತೋಟ ಕಾಯ್ದ ಕೋವಿ ಅದು, ಆಯುಧ ಪೂಜೆಗೆ ಕುಂಕುಮ ಹಚ್ಚಿಸ್ಕೊಂಡು ಆ ಮನೇಲೇ ಇರ್ಲಿ.

ಇನ್ನು ರೂಮು. ನಮ್ಮೂರಿನ ಚಿರೇಕಲ್ಲಿನ ಗೋಡೆ ಮನಸ್ಸಲ್ಲಿಟ್ಕೊಂಡು ಇಲ್ಲಿನ ಮನೆ ನೋಡ್ಬೇಡ. ಹೊರಗಿಂದ ಇಟ್ಟಿಗೆ ಕಂಡ್ರೂ ಅದು ಬರೀ ಮೇಲಿನ ಪದರ. ಒಳಗೋಡೆ ಅಂದ್ರೆ 16 ಇಂಚಿಗೊಂದು ಮರದ ಸ್ಟಡ್, ಅಂದ್ರೆ ನೆಟ್ಟಗೆ ನಿಲ್ಸಿದ ಪಟ್ಟಿ, ಎರಡೂ ಕಡೆ ಅರ್ಧ ಇಂಚಿನ ಡ್ರೈವಾಲ್ ಅನ್ನೋ ಜಿಪ್ಸಂ ಹಲಗೆ, ಜೋರಾಗಿ ಒದ್ರೆ ಕಾಲು ಆಚೆ ಹೋಗುತ್ತೆ. ಸಾವಿರಾರು ಡಾಲರ್ ಕೊಟ್ಟು ತಿಜೋರಿಯಂಥ ಉಕ್ಕಿನ ವಾಲ್ಟ್ ಡೋರ್ ಕೂರಿಸ್ತಾರೆ, ಗೋಡೆ ಹಾಗೇ ಬಿಡ್ತಾರೆ, ಕಳ್ಳಂಗೆ ಬಾಗಿಲು ಯಾಕೆ ಬೇಕು? ಸ್ಟಡ್ ಮೇಲೆ ಮುಕ್ಕಾಲು ಇಂಚು ಪ್ಲೈವುಡ್, ಅದ್ರ ಮೇಲೆ ಸ್ಟೀಲ್ ಶೀಟ್ ಅಥ್ವಾ ದಪ್ಪ ಜಾಲರಿ, ಆಮೇಲೆ ಬೆಂಕಿ ತಡೆಯೋ ಟೈಪ್-ಎಕ್ಸ್ ಡ್ರೈವಾಲ್, ಹೀಗೆ ನಾಲ್ಕೂ ಗೋಡೆಗೆ ಮತ್ತೆ ಮುಖ್ಯವಾಗಿ ಸೀಲಿಂಗಿಗೂ ಮಾಡಿಸ್ಬೇಕು, ಮೇಲಿನ ಅಟಿಕ್‌ನಿಂದ ಇಳಿಯೋದು ತುಂಬ ಸುಲಭ. ರೂಮು ನೆಲಮಹಡೀದೇ ಇರ್ಲಿ. ಬಾಗಿಲೊಂದೇ ನೂರಾರು ಕೆಜಿ, ಮಹಡಿ ಮೇಲಿನ ಬೆಡ್‌ರೂಮಿನ ನೆಲಕ್ಕೆ ಇಲ್ಲಿನ ಮನೆ ಕಟ್ಟೋ ನಿಯಮದ ಕೋಡ್‌ನಲ್ಲಿ ಲೆಕ್ಕ ಹಾಕೋ ಭಾರ ಚದರಡಿಗೆ 30 ಪೌಂಡು ಅಷ್ಟೇ.

ಬಾಗಿಲು ನೆಲಕ್ಕೆ ಬೋಲ್ಟ್ ಹಾಕ್ಬೇಕಲ್ಲ, ಅಲ್ಲೊಂದು ಅಪಾಯ ಇದೆ. ಟೆಕ್ಸಾಸಿನ ಎಷ್ಟೋ ಮನೆಗಳ ಕಾಂಕ್ರೀಟ್ ನೆಲದ ಸ್ಲ್ಯಾಬ್ ಒಳಗೆ ಬಿಗಿಯಾಗಿ ಎಳೆದ ಸ್ಟೀಲ್ ಕೇಬಲ್ ಓಡಿರುತ್ತೆ, ಪೋಸ್ಟ್-ಟೆನ್ಷನ್ ಸ್ಲ್ಯಾಬ್ ಅಂತಾರೆ. ಡ್ರಿಲ್ ಅದಕ್ಕೆ ತಾಗಿ ಕೇಬಲ್ ತುಂಡಾದ್ರೆ ಜೀವಕ್ಕೂ ಅಪಾಯ, ಫೌಂಡೇಶನ್ನಿಗೂ. ಗ್ಯಾರೇಜಿನ ನೆಲದ ಅಂಚಲ್ಲಿ ನೋಡು, ಕಾಂಕ್ರೀಟ್ ಹಸಿ ಇದ್ದಾಗ್ಲೇ ಕತ್ತರಿಸಬೇಡಿ ಕೊರೀಬೇಡಿ ಅಂತ ಅಚ್ಚು ಒತ್ತಿರ್ತಾರೆ. ಆ ಅಚ್ಚಿದ್ರೆ ಸ್ಕ್ಯಾನ್ ಮಾಡ್ಸದೆ ಒಂದು ತೂತೂ ಹಾಕಿಸ್ಬೇಡ. ಬಾಗಿಲಿಗೆ ಒಳಗಿಂದ ತೆಗೆಯೋ ಹಿಡಿ ಇರ್ಲೇಬೇಕು, ಮಕ್ಕಳು ಒಳಗೆ ಹೋಗಿ ಮುಚ್ಚಿಕೊಂಡ್ರೆ ಆ ಹಿಡಿ ಬಿಟ್ಟು ಬೇರೆ ಗತಿ ಇಲ್ಲ. ಯುಎಲ್ ಅನ್ನೋ ಪರೀಕ್ಷಾ ಸಂಸ್ಥೆ ಮನೆಯ ತಿಜೋರಿ, ಬಾಗಿಲುಗಳಿಗೆ ಕೊಡೋ ಆರ್‌ಎಸ್‌ಸಿ ಅನ್ನೋ ಗುರುತು ನೋಡಿ ಮರುಳಾಗ್ಬೇಡ, ಅದ್ರ ಮೊದಲ ಹಂತದ ಅರ್ಥ ಒಬ್ಬ ಕೈ ಹತಾರ ಹಿಡ್ಕೊಂಡು ಬಂದ್ರೆ 5 ನಿಮಿಷ ತಡೆಯುತ್ತೆ ಅಂತ. ಆ 5 ನಿಮಿಷದಲ್ಲಿ ಕೂಗೋಕೆ ಒಂದು ಅಲಾರಂ ಬೇಕು.

ಕಿಟಕಿ ಮುಚ್ಚಿಸ್ತೀಯ ಅಂದ್ರೆ ಸಿಟಿಯಿಂದ ಪರ್ಮಿಟ್ ಕೇಳು. ತಪ್ಪಿಸ್ಕೊಳ್ಳೋಕೆ ಕಿಟಕಿ ಇಲ್ದಿದ್ರೆ ಕೋಡ್ ಪ್ರಕಾರ ಅದು ಬೆಡ್‌ರೂಮೇ ಅಲ್ಲ, ಮಾರೋವಾಗ ನಾಲ್ಕು ಬೆಡ್‌ರೂಮಿನ ಮನೆ ಮೂರರ ಲೆಕ್ಕಕ್ಕೆ ಇಳಿಯುತ್ತೆ.

ತೇವದ ವಿಷ್ಯ ನಮ್ಮ ಜಿಲ್ಲೆಯವ್ರಿಗೆ ಹೇಳಿಕೊಡೋದು ಬೇಡ. ಜೂನ್ ಬಂತಂದ್ರೆ ಅಂಕೋಲೆಯಲ್ಲಿ ನಮ್ಮನೆ ಕತ್ತಿಗೆ ರಾತ್ರಿ ಎಣ್ಣೆ ಒರೆಸದಿದ್ರೆ ಬೆಳಗ್ಗೆ ಕೆಂಪು, ಹ್ಯೂಸ್ಟನ್‌ನಲ್ಲೂ ಬೇಸಿಗೆ ಹಾಗೇ ಅಂಟಂಟು. ಮುಚ್ಚಿದ ರೂಮಲ್ಲಿ ಗಾಳಿ ಆಡಲ್ಲ, ಅದಕ್ಕೆ ತೇವ ಹೀರೋ ಡಿಹ್ಯೂಮಿಡಿಫೈಯರ್ ಮಿಷನ್ ಇಟ್ಟು ತೇವಾಂಶ ಶೇ. 50ರ ಹತ್ರ ನಿಲ್ಸು, ತೀರಾ ಒಣಗಿಸಿದ್ರೆ ಮರದ ಹಿಡಿ ಸೀಳುತ್ತೆ. ಹೊಸದಾಗಿ ಕಾಂಕ್ರೀಟ್ ಹಾಕ್ಸಿದ್ರೆ ವಾರಗಟ್ಟಲೆ ನೀರಂಶ ಬಿಡ್ತಾ ಇರುತ್ತೆ, ಒಣಗೋ ಮುಂಚೆ ಏನೂ ಇಡಬೇಡ. ಯಾರಾದ್ರೂ ಮುಟ್ಟಿ ನೋಡಿದ್ಮೇಲೆ ಎಣ್ಣೆ ಬಟ್ಟೇಲಿ ಒರೆಸು, ಬೆವರಿನ ಉಪ್ಪು ಹೆಬ್ಬೆಟ್ಟಿನ ಗುರುತಿನ ಹಾಗೇ ತುಕ್ಕು ಎಬ್ಬಿಸುತ್ತೆ. ಚರ್ಮದ ಚೀಲ, ಫೋಮ್ ಪೆಟ್ಟಿಗೆ ಎರಡೂ ತೇವ ಹಿಡಿಯುತ್ತೆ, ಅದ್ರೊಳಗೆ ಇಟ್ಟು ಮರೀಬೇಡ.

ಡಿಸ್‌ಪ್ಲೇ ಗಾಜು ನಡುವೆ ಪ್ಲಾಸ್ಟಿಕ್ ಪದರ ಇರೋ ಲ್ಯಾಮಿನೇಟೆಡ್ ಇರ್ಲಿ, ಕಾಯಿಸಿ ಗಟ್ಟಿ ಮಾಡಿದ ಟೆಂಪರ್ಡ್ ಆದ್ರೆ ಒಂದೇ ಏಟಿಗೆ ಪುಡಿಯಾಗಿ ದಾರಿ ಬಿಡುತ್ತೆ. ಕುದುರೆ ಸುತ್ತ ಇರೋ ಬಳೆ, ಟ್ರಿಗರ್ ಗಾರ್ಡ್, ಅದ್ರ ಒಳಗಿಂದ ಸ್ಟೀಲ್ ಕೇಬಲ್ ಹಾಯ್ಸಿ ಬೀಗ ಹಾಕು, ನೋಡೋಕೆ ಚೆಂದ ಕಾಣ್ದಿದ್ರೂ ಪರವಾಗಿಲ್ಲ. ತೋಟಾ ಬೇರೆ ಕಡೆ, ಬೇರೆ ಬೀಗ, ತಂಪು ಜಾಗ, ಗ್ಯಾರೇಜಿನ ಸೆಕೆಯಲ್ಲಂತೂ ಬೇಡ. 17 ವರ್ಷದೊಳಗಿನ ಮಕ್ಕಳ ಕೈಗೆ ಲೋಡ್ ಆದ ಬಂದೂಕು ಸಿಗೋ ಹಾಗೆ ಬಿಟ್ಟು, ಅದು ಅವ್ರಿಗೆ ಸಿಕ್ಕಿದ್ರೆ ಟೆಕ್ಸಾಸಿನಲ್ಲಿ ಅದೇ ಅಪರಾಧ, ಕಾನೂನು ಇಲ್ದಿದ್ರೂ ನಾನು ಬಿಡ್ತಿರ್ಲಿಲ್ಲ. ರೂಮಿನ ಫೋಟೊ ಯಾವ ಗ್ರೂಪಿಗೂ ಹಾಕ್ಬೇಡ.

ಇನ್ಶೂರೆನ್ಸ್ ಪೇಪರ್ ಕೂತ್ಕೊಂಡು ಓದು, ಬಂದೂಕು ಕಳುವಾದ್ರೆ ಒಟ್ಟಾರೆ 2,500 ಡಾಲರ್ ಆಸುಪಾಸಿಗೆ ಮಿತಿ ಹಾಕಿರೋ ಪಾಲಿಸಿ ಸಾಮಾನ್ಯ, ಅದಕ್ಕಿಂತ ಬೆಲೆ ಬಾಳೋದಿದ್ರೆ ಪ್ರತ್ಯೇಕ ಪಟ್ಟಿ ಕೊಟ್ಟು ಸೇರಿಸ್ಬೇಕು. ಇದೆಲ್ಲ ಗ್ರೀನ್ ಕಾರ್ಡ್ ಬಂದ್ಮೇಲಿನ ಮಾತು. ಮನೆ ನೋಡೋಕೆ ಶುರು ಮಾಡ್ದಾಗ ಪ್ಲಾನ್ ಕಳ್ಸು, ಯಾವ ರೂಮು ಆಗುತ್ತೆ ಯಾವ್ದು ಆಗಲ್ಲ ಅಂತ ಹೇಳ್ತೀನಿ. ಅಪ್ಪ ಕೋವಿ ಡಿಪಾಸಿಟ್ ಮಾಡಿದ್ರಾ ಅನ್ನೋದನ್ನ ಮಾತ್ರ ಈ ವಾರವೇ ತಿಳ್ಸು.