ವಿಟಮಿನ್ ಮಾತ್ರೆ ಮತ್ತು ರಕ್ತಸ್ರಾವ

ಪ್ರಶ್ನೆ: ನನಗೆ 58 ವರ್ಷ. ಎರಡು ವರ್ಷಗಳಿಂದ ವೈದ್ಯರನ್ನು ಕೇಳದೆಯೇ ದಿನಕ್ಕೊಂದು 400 ಐ.ಯು. (ವಿಟಮಿನ್ ಅಳೆಯುವ ಅಂತಾರಾಷ್ಟ್ರೀಯ ಮಾನ) ವಿಟಮಿನ್ ಇ ಕ್ಯಾಪ್ಸೂಲ್, ಜೊತೆಗೆ ಮಲ್ಟಿವಿಟಮಿನ್ ಮತ್ತು ಮೀನೆಣ್ಣೆಯ ಕ್ಯಾಪ್ಸೂಲ್ ಸೇವಿಸುತ್ತಿದ್ದೇನೆ. ಇತ್ತೀಚೆಗೆ ವಸಡಿನಲ್ಲಿ ರಕ್ತ ಬರುತ್ತಿದೆ, ಸಣ್ಣ ಪೆಟ್ಟಿಗೂ ಚರ್ಮ ನೀಲಿಗಟ್ಟುತ್ತಿದೆ. ಇವುಗಳಿಗೆ ಸಂಬಂಧವಿದೆಯೇ?

ಉತ್ತರ: ಸಂಬಂಧವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ ವಿಟಮಿನ್ ಇ ಸುಮಾರು 15 ಮಿಲಿಗ್ರಾಂ ಮಾತ್ರ. ನಿಮ್ಮ ಒಂದು ಕ್ಯಾಪ್ಸೂಲಿನಲ್ಲೇ ಅದರ ಹತ್ತು ಪಟ್ಟಿಗೂ ಹೆಚ್ಚಿದೆ. ಇಷ್ಟು ಪ್ರಮಾಣದಲ್ಲಿ ಅದು ರಕ್ತ ಹೆಪ್ಪುಗಟ್ಟಲು ನೆರವಾಗುವ ಸೂಕ್ಷ್ಮ ಕಣಗಳಾದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ತಗ್ಗಿಸುವುದಲ್ಲದೆ, ರಕ್ತ ಹೆಪ್ಪುಗಟ್ಟಲು ಅಗತ್ಯವಾದ ವಿಟಮಿನ್ ಕೆ ಮಾಡುವ ಕೆಲಸಕ್ಕೂ ಅಡ್ಡಿಯಾಗಬಲ್ಲದು. ಅಮೆರಿಕದ ಪುರುಷ ವೈದ್ಯರ ಮೇಲೆ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ದಿನ ಬಿಟ್ಟು ದಿನ 400 ಐ.ಯು. ಸೇವಿಸಿದವರಲ್ಲಿ ಮೆದುಳಿನ ರಕ್ತಸ್ರಾವದಿಂದಾಗುವ ಪಾರ್ಶ್ವವಾಯು ಹೆಚ್ಚಾಗಿ ಕಂಡುಬಂದಿತ್ತು. ಒಟ್ಟು ಸಂಖ್ಯೆ ಚಿಕ್ಕದೇ ಆಗಿತ್ತಾದರೂ, ಕೊರತೆಯೇ ಇಲ್ಲದವರು ಆ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನೀವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ವಾರ್ಫರಿನ್, ಕ್ಲೊಪಿಡೊಗ್ರೆಲ್ ಅಥವಾ ಆಸ್ಪಿರಿನ್ ಸೇವಿಸುತ್ತಿದ್ದೀರಾ ಎಂಬುದನ್ನು ತಿಳಿಸಿಲ್ಲ. ಸೇವಿಸುತ್ತಿದ್ದರೆ ಅಪಾಯ ಹೆಚ್ಚು. ಆದರೆ ಆ ಔಷಧಗಳನ್ನು ನೀವಾಗಿ ನಿಲ್ಲಿಸಬೇಡಿ. ವಿಟಮಿನ್ ಇ ಕ್ಯಾಪ್ಸೂಲನ್ನು ಇಂದೇ ನಿಲ್ಲಿಸಿ, ಎಲ್ಲ ಡಬ್ಬಿಗಳನ್ನೂ ವೈದ್ಯರಿಗೆ ತೋರಿಸಿ, ಪ್ಲೇಟ್‌ಲೆಟ್ ಎಣಿಕೆ ಮತ್ತು ರಕ್ತ ಹೆಪ್ಪುಗಟ್ಟುವ ಅವಧಿಯ ಪರೀಕ್ಷೆ ಮಾಡಿಸಿಕೊಳ್ಳಿ. ಯಕೃತ್ತಿನ ಅಥವಾ ರಕ್ತದ ಕಾಯಿಲೆಗಳಲ್ಲಿಯೂ ಇದೇ ಲಕ್ಷಣಗಳಿರುವುದರಿಂದ ಈ ಪರೀಕ್ಷೆ ಅನಿವಾರ್ಯ. ಕಪ್ಪು ಮಲ, ಹಠಾತ್ ತೀವ್ರ ತಲೆನೋವು, ನಿಲ್ಲದ ರಕ್ತಸ್ರಾವ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಿ.