ಬೀಸುಕಲ್ಲಿನ ಹಿಟ್ಟು ರುಚಿ, ಸರಿ. ಬೀಸಿದವರು ಯಾರು?

ಸೇಡಂನ ಹಿರಿಯ ಓದುಗರೊಬ್ಬರ ಪತ್ರ: "ಕಂದೀಲಿನ ಗಾಜಿಗೆ ಬೂದಿ ಹಚ್ಚಿ ಒರೆಸಿದ ಕೈಯಲ್ಲೇ ಈಗ ಮೊಬೈಲ್ ಹಿಡಿದಿದ್ದೇನೆ. ಆದರೆ ಅವ್ವ ಬೀಸಿದ ಹಿಟ್ಟಿನ ರೊಟ್ಟಿಯ ರುಚಿ ಮತ್ತೆ ಸಿಗಲಿಲ್ಲ. ಯಂತ್ರ ಬಂದು ಹೆಣ್ಣುಮಕ್ಕಳು ಮೈಗಳ್ಳರಾದರು. ನೀವೇನಂತೀರಿ?"

ಹಿರಿಯರೇ, ಕಂದೀಲಿನ ಸಾಲು ಬಹಳ ಹಿಡಿಸಿತು. ರುಚಿಯ ಮಾತೂ ಒಪ್ಪಿದೆ. ಜೋಳದ ಹಿಟ್ಟು ಹಳೆಯದಾದರೆ ಜಿಗಿ ಹೋಗುತ್ತದೆ, ಬಡಿಯುವಾಗಲೇ ರೊಟ್ಟಿ ಹರಿಯುತ್ತದೆ. ಅವ್ವ ಆಗಾಗ ಬೀಸುತ್ತಿದ್ದರು, ಹಿಟ್ಟು ತಾಜಾ ಇರುತ್ತಿತ್ತು. ಗಿರಣಿಯಲ್ಲೂ ಸ್ವಲ್ಪ ಸ್ವಲ್ಪವೇ ಬೀಸಿಸಿಕೊಂಡು ಬನ್ನಿ, ವ್ಯತ್ಯಾಸ ಗೊತ್ತಾಗುತ್ತದೆ. ಬೀಸುವ ಹಾಡುಗಳು ನಮ್ಮ ದೊಡ್ಡ ಆಸ್ತಿ, ಅದರಲ್ಲಿ ಎರಡು ಮಾತಿಲ್ಲ.

ಆದರೆ ಆ ಹಾಡು ಕೇಳುತ್ತಾ ಮಲಗಿದ್ದವರು ನಾವು, ಅಲ್ವಾ? ಕೋಳಿ ಕೂಗುವ ಮುಂಚೆ ಎದ್ದು ಕಲ್ಲಿನ ಮುಂದೆ ಕೂತು, ಆಮೇಲೆ ನೀರು ಹೊತ್ತು, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ರೊಟ್ಟಿ ಬಡಿದು, ಬಿಸಿಲೇರುವಷ್ಟರಲ್ಲಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ನಡೆದವರು ಅವ್ವಂದಿರು. ನಮ್ಮೂರಿಗೆ ಗಿರಣಿ ಬಂದ ಮೇಲೆ ನಮ್ಮವ್ವ ಬೀಸುಕಲ್ಲನ್ನು ಹಿತ್ತಲಿಗೆ ಸರಿಸಿದಳು. ಮತ್ತೆ ಅದು ಬೇಕು ಅಂತ ಅವಳ ಬಾಯಲ್ಲಿ ನಾನು ಕೇಳಲೇ ಇಲ್ಲ.

ನನ್ನ ಸಿಟ್ಟು ಬೇರೆ ಕಡೆ ಇದೆ. 1975ರಲ್ಲಿ ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗಕ್ಕೆ ಕರ್ನಾಟಕದಲ್ಲಿ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ. ಅಂದರೆ ಹೊಸದನ್ನು ನಮ್ಮ ಹಳ್ಳಿಗೆ ಮೊದಲು ತರಬೇಕು ಅಂತ ಮನಸ್ಸು ಮಾಡಿದರೆ ತರಬಹುದಿತ್ತು. ಬಡವರ ಮನೆಗೆ ಗ್ಯಾಸ್ ಕೊಡುವ ಉಜ್ವಲಾ ಯೋಜನೆ ಶುರುವಾಗಿದ್ದು ಯಾವಾಗ? 2016ರಲ್ಲಿ! ನೋಡುವ ಪೆಟ್ಟಿಗೆ ಬಂದು ನಲವತ್ತು ವರ್ಷ ಆದ ಮೇಲೆ ಅಡುಗೆಮನೆಯ ಹೊಗೆ ನೆನಪಾಯಿತು. ಮನೆಯೊಳಗೂ ಇದೇ ಕತೆ. 42 ಡಿಗ್ರಿ ದಾಟುವ ನಮ್ಮ ಮೇ ತಿಂಗಳಲ್ಲಿ ಕೂಲರ್ ಇರುವುದು ಪಡಸಾಲೆಯಲ್ಲಿ. ಹಂಚಿನ ಮುಂದೆ ನಿಂತವಳು ಸೆರಗಿನಿಂದಲೇ ಗಾಳಿ ಹಾಕಿಕೊಳ್ಳಬೇಕು.

ಮೈಗಳ್ಳರು ಅಂದಿರಲ್ಲ, ಆ ಮಾತು ವಾಪಸ್ ತಗೊಳ್ಳಿ. ನಮ್ಮ ಜಿಲ್ಲೆಯ ಸ್ವಸಹಾಯ ಸಂಘಗಳ ಹೆಂಗಸರು ರೊಟ್ಟಿ ಯಂತ್ರ ಇಟ್ಟುಕೊಂಡೇ 'ಕಲಬುರಗಿ ರೊಟ್ಟಿ' ಮಾರುತ್ತಿದ್ದಾರೆ. ಜನ್ಮವಿಡೀ ಸುಮ್ನೆ ಬಡಿದ ರೊಟ್ಟಿಗೆ ಈಗ ದುಡ್ಡು ಬರುತ್ತಿದೆ.

ಮುಂದಿನ ಪತ್ರ ನಿಮ್ಮ ಮನೆಯವರು ಬರೆಯಲಿ. ಯಾವ ಯಂತ್ರ ಅವರಿಗೆ ಮೊದಲು ಬೇಕಿತ್ತು, ಅದು ಎಷ್ಟು ತಡವಾಗಿ ಬಂತು ಅಂತ. ಒಂದು ಸಾಲೂ ಕತ್ತರಿಸದೆ ಅಚ್ಚು ಹಾಕುತ್ತೇನೆ.

— ಸಂ.