ಓದುಗರ ಪ್ರಶ್ನೆ: ವೇಗವಾಗಿರುವ ಕ್ವೆರಿಯನ್ನು ಬೇಕಂತಲೇ ನಿಧಾನ ಮಾಡೋದು ಹೇಗೆ?

ಈ ಸಲದ ಪ್ರಶ್ನೆಗಳೆಲ್ಲ ಒಂದೇ ಸುತ್ತಿನವು. ಚೆನ್ನಾಗಿ ಓಡುತ್ತಿರುವ ಡೇಟಾಬೇಸನ್ನು ಟೆಸ್ಟಿಂಗ್‌ಗೋಸ್ಕರ ಕುಂಟಿಸುವುದು ಹೇಗೆ ಅಂತ. ಕೇಳಲು ತಮಾಷೆ ಅನಿಸುತ್ತದೆ, ಆದರೆ ಕೆಲಸದ ಪ್ರಶ್ನೆ.

ಪ್ರಶ್ನೆ: ನಮ್ಮ ಆ್ಯಪ್‌ನ ರಿಪೋರ್ಟ್ ಪುಟ ಬಳಕೆದಾರರ ಬಳಿ ಕೆಲವೊಮ್ಮೆ 20 ಸೆಕೆಂಡ್ ತೆಗೆದುಕೊಳ್ಳುತ್ತದೆ. ನನ್ನ ಲ್ಯಾಪ್‌ಟಾಪ್‌ನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದುಬಿಡುತ್ತದೆ. ಲೋಡಿಂಗ್ ಚಕ್ರ, ಟೈಮ್‌ಔಟ್ ಸಂದೇಶ ಎಲ್ಲ ಸರಿ ಇದೆಯಾ ಅಂತ ನೋಡಬೇಕು. ಟೇಬಲ್‌ಗೆ ಲಕ್ಷಾಂತರ ಸಾಲು ತುಂಬಿಸಬೇಕಾ?

ತುಂಬಿಸಬೇಡಿ. ತುಂಬಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಆಮೇಲೂ ಕ್ವೆರಿ (ಆ್ಯಪ್ ಡೇಟಾಬೇಸ್‌ಗೆ ಕಳಿಸುವ ಪ್ರಶ್ನೆ) ಒಂದು ಸಲ 18 ಸೆಕೆಂಡ್ ತಗೊಂಡರೆ ಮರುಸಲ 3 ಸೆಕೆಂಡಿಗೆ ಮುಗಿಯಬಹುದು. ಎರಡನೇ ಸಲಕ್ಕೆ ಡೇಟಾ ಮೆಮೊರಿಯಲ್ಲೇ ಕೂತಿರುತ್ತದಲ್ಲ! ನೀವು ನೋಡಬೇಕಿರುವುದು ಕಾಯುವಾಗ ಆ್ಯಪ್ ಹೇಗೆ ನಡೆದುಕೊಳ್ಳುತ್ತದೆ ಅಂತ ತಾನೇ? ಹಾಗಿದ್ದರೆ ಡೇಟಾಬೇಸ್‌ಗೆ ಸ್ವಲ್ಪ ಹೊತ್ತು ನಿದ್ದೆ ಮಾಡು ಅಂತ ಹೇಳಿದರೆ ಸಾಕು.

ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಇದಕ್ಕೆ ಪಿಜಿ_ಸ್ಲೀಪ್ ಅನ್ನುವ ಫಂಕ್ಷನ್ ಇದೆ. ಸೆಲೆಕ್ಟ್ ಪಿಜಿ_ಸ್ಲೀಪ್(20) ಅಂದರೆ 20 ಸೆಕೆಂಡ್ ಮಲಗಿ ಏಳುತ್ತದೆ. ಮೈಎಸ್‌ಕ್ಯೂಎಲ್, ಮರಿಯಾಡಿಬಿ ಎರಡರಲ್ಲೂ ಬರೀ ಸ್ಲೀಪ್(20). ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ವೇಟ್‌ಫಾರ್ ಡಿಲೇ '00:00:20'. ಆರಕಲ್‌ನಲ್ಲಿ 18ಸಿ ಆವೃತ್ತಿಯಿಂದ ಡಿಬಿಎಂಎಸ್_ಸೆಷನ್ ಪ್ಯಾಕೇಜಿನ ಸ್ಲೀಪ್ ಸಿಗುತ್ತದೆ. ಅದಕ್ಕೂ ಹಳೆಯದಾದರೆ ಡಿಬಿಎಂಎಸ್_ಲಾಕ್ ಪ್ಯಾಕೇಜಿನದು, ಅದಕ್ಕೆ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರು) ಹತ್ತಿರ ಅನುಮತಿ ಕೇಳಬೇಕು.

ಇದರಲ್ಲಿ ಒಂದು ಹಳ್ಳ ಇದೆ, ಎಲ್ಲರೂ ಒಂದು ಸಲವಾದರೂ ಬೀಳುತ್ತಾರೆ. ನಾನೂ ಬಿದ್ದಿದ್ದೇನೆ. 12,000 ಸಾಲಿನ ಟೇಬಲ್ ಮೇಲಿನ ಕ್ವೆರಿಯ ಕಾಲಂ ಪಟ್ಟಿಗೆ ಪಿಜಿ_ಸ್ಲೀಪ್(1) ಸೇರಿಸಿ, ಒಂದು ಸೆಕೆಂಡ್ ತಡವಾಗುತ್ತದೆ ಅಂತ ಕಾಯುತ್ತಾ ಕೂತೆ. ಸ್ಲೀಪ್ ಪ್ರತಿ ಸಾಲಿಗೂ ಒಂದೊಂದು ಸಲ ಓಡುತ್ತದೆ. 12,000 ಸೆಕೆಂಡ್ ಅಂದರೆ 3 ಗಂಟೆ 20 ನಿಮಿಷ! ಕಾಫಿ ಕುಡಿದು ಬಂದರೂ ಮುಗಿದಿರಲಿಲ್ಲ, ಆಗ ಅನುಮಾನ ಬಂತು. ಯಾವ ಸಾಲು ಬೇಕು ಅಂತ ಹೇಳುವ ವೇರ್ ಷರತ್ತಿನಲ್ಲಿ ಹಾಕಿದರೂ ಇದೇ ಕಥೆ. ಮೈಎಸ್‌ಕ್ಯೂಎಲ್‌ನ ಸ್ಲೀಪ್ ಕೂಡ ಹೀಗೇ ಮಾಡುತ್ತದೆ.

ಸುಲಭದ ದಾರಿ ಅಂದರೆ ಮೊದಲು ಸ್ಲೀಪ್ ಅನ್ನು ಬೇರೆಯೇ ಕ್ವೆರಿಯಾಗಿ ಕಳಿಸಿ, ಅದು ಮುಗಿದ ಮೇಲೆ ನಿಜವಾದ ಕ್ವೆರಿ ಕಳಿಸುವುದು. ಎರಡೂ ಒಂದೇ ಕನೆಕ್ಷನ್‌ನಲ್ಲಿ ಹೋಗಬೇಕು, ಅದನ್ನು ಮರೀಬೇಡಿ. ಒಂದೇ ಕ್ವೆರಿಯಲ್ಲಿ ಆಗಬೇಕು ಅಂದರೆ, ಪೋಸ್ಟ್‌ಗ್ರೆಸ್ 12ರಿಂದ ವಿತ್ ಭಾಗದಲ್ಲಿ (ಕ್ವೆರಿಯ ಶುರುವಿನಲ್ಲಿ ಬರೆಯುವ ಉಪಕ್ವೆರಿ) ಸ್ಲೀಪ್ ಬರೆದು ಅದಕ್ಕೆ ಮೆಟೀರಿಯಲೈಸ್ಡ್ (ಒಮ್ಮೆ ಓಡಿಸಿ ಫಲಿತಾಂಶ ಇಟ್ಟುಕೋ) ಅಂತ ಗುರುತು ಹಾಕಿ, ನಿಮ್ಮ ಟೇಬಲ್ ಜೊತೆ ಕ್ರಾಸ್ ಜಾಯಿನ್ ಮಾಡಬಹುದು. ಆಗ ಒಂದೇ ಸಲ ಮಲಗುತ್ತದೆ. ಜಾಯಿನ್ ಮಾಡದೆ ಸುಮ್ನೆ ವಿತ್‌ನಲ್ಲಿ ಬರೆದಿಟ್ಟರೆ ಪೋಸ್ಟ್‌ಗ್ರೆಸ್ ಅದನ್ನು ಓಡಿಸುವುದೇ ಇಲ್ಲ.

ಇಷ್ಟಾದ ಮೇಲೆ ಪರದೆ ಮೇಲೆ ಚಕ್ರ ತಿರುಗುತ್ತದೆ, ನಿಮಗೆ ಸಮಾಧಾನ. ಅಲ್ಲಿಗೇ ನಿಲ್ಲಿಸಬೇಡಿ. ಒಬ್ಬರು ಕಾಯುವಾಗ ಏನಾಗುತ್ತದೆ ಅನ್ನುವುದಕ್ಕಿಂತ ಹತ್ತಾರು ಜನ ಒಟ್ಟಿಗೆ ಕಾಯುವಾಗ ಏನಾಗುತ್ತದೆ ಅನ್ನುವುದೇ ದೊಡ್ಡ ವಿಷಯ.

ಉದಾಹರಣೆಗೆ ಜಾವಾದ ಹಿಕಾರಿಸಿಪಿ ಪೂಲ್ ನೋಡಿ. ಪೂಲ್ ಅಂದರೆ ಎಲ್ಲ ರಿಕ್ವೆಸ್ಟ್‌ಗಳೂ ಹಂಚಿಕೊಳ್ಳುವ, ಮೊದಲೇ ತೆರೆದಿಟ್ಟ ಡೇಟಾಬೇಸ್ ಕನೆಕ್ಷನ್‌ಗಳ ಗುಂಪು. ನೀವೇನೂ ಬದಲಿಸದಿದ್ದರೆ ಅದರಲ್ಲಿ ಜಾಸ್ತಿ ಅಂದರೆ 10 ಕನೆಕ್ಷನ್. ಕನೆಕ್ಷನ್ ಸಿಗಲು ಕಾಯುವ ಮಿತಿ 30 ಸೆಕೆಂಡ್. ಒಂದು ಕ್ವೆರಿಗೆ 50 ಮಿಲಿಸೆಕೆಂಡ್ ಸಾಕಾದಾಗ ಈ 10 ಕನೆಕ್ಷನ್ ಸೆಕೆಂಡಿಗೆ 200 ಕ್ವೆರಿ ಮುಗಿಸುತ್ತವೆ. ಅದೇ ಕ್ವೆರಿ 5 ಸೆಕೆಂಡ್ ಆದರೆ? ಸೆಕೆಂಡಿಗೆ ಬರೀ 2. ಸೆಕೆಂಡಿಗೆ 6 ರಿಕ್ವೆಸ್ಟ್ ಬರುತ್ತಿವೆ ಅಂತಿಟ್ಟುಕೊಳ್ಳಿ. ಎರಡನೇ ಸೆಕೆಂಡಿಗೇ ಪೂಲ್ ಭರ್ತಿ. ಅಲ್ಲಿಂದ ಪ್ರತಿ ಸೆಕೆಂಡಿಗೆ 4 ರಿಕ್ವೆಸ್ಟ್ ಸಾಲಿಗೆ ಸೇರುತ್ತಾ ಹೋಗುತ್ತವೆ. ಸುಮಾರು 17ನೇ ಸೆಕೆಂಡಿಗೆ ಬಂದವರು 30 ಸೆಕೆಂಡ್ ಕಾದು ಎರರ್ ಕಾಣುತ್ತಾರೆ. ಅವರು ರಿಪೋರ್ಟ್ ಪುಟಕ್ಕೇ ಬಂದಿರಬೇಕು ಅಂತೇನಿಲ್ಲ. ಲಾಗಿನ್ ಆಗಲು ಬಂದವರೂ ಅದೇ ಪೂಲ್‌ನ ಬಾಗಿಲಲ್ಲಿ ನಿಂತಿರುತ್ತಾರೆ, ಅಲ್ವಾ?

ಹಾಗಾಗಿ ರಿಪೋರ್ಟ್ ಕ್ವೆರಿಗೆ 5 ಸೆಕೆಂಡ್ ನಿದ್ದೆ ಹಾಕಿ, ಯಾವುದಾದರೂ ಲೋಡ್ ಟೆಸ್ಟ್ ಸಾಧನದಿಂದ ಆ ಪುಟಕ್ಕೆ ರಿಕ್ವೆಸ್ಟ್ ಸುರಿಯಿರಿ. ಅದೇ ಹೊತ್ತಿಗೆ ನೀವು ಇನ್ನೊಂದು ಬ್ರೌಸರ್‌ನಲ್ಲಿ ಲಾಗಿನ್ ಆಗಲು ನೋಡಿ. ನನ್ನ ಮಟ್ಟಿಗೆ ಈ ಇಡೀ ಕಸರತ್ತಿನಲ್ಲಿ ತುಂಬಾ ಕಲಿಸುವುದು ಆ ಎರಡು ನಿಮಿಷ.

ಇನ್ನೊಂದು ಪ್ರಯೋಗ. ಆ್ಯಪ್ ಕಡೆ 3 ಸೆಕೆಂಡ್ ಟೈಮ್‌ಔಟ್ ಇಟ್ಟು, ಡೇಟಾಬೇಸ್ ಕಡೆ 60 ಸೆಕೆಂಡ್ ಸ್ಲೀಪ್ ಹಾಕಿ. ಆ್ಯಪ್ ಕೈಬಿಟ್ಟ ಮೇಲೆ ಪೋಸ್ಟ್‌ಗ್ರೆಸ್‌ನ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ (ಯಾವ ಕನೆಕ್ಷನ್ ಈಗ ಏನು ಮಾಡುತ್ತಿದೆ ಅನ್ನುವ ಪಟ್ಟಿ) ತೆಗೆದು ನೋಡಿ. ಆ್ಯಪ್ ಬರೀ ಸಾಕೆಟ್ ಮುಚ್ಚಿ ಹೊರಟಿದ್ದರೆ ಕ್ವೆರಿ ಅಲ್ಲಿ ಇನ್ನೂ ಆರಾಮಾಗಿ ಮಲಗಿರುತ್ತದೆ, ವೇಟ್ ಇವೆಂಟ್ ಕಾಲಂನಲ್ಲಿ ಪಿಜಿಸ್ಲೀಪ್ ಅಂತ ಕಾಣುತ್ತದೆ. ಕ್ವೆರಿ ನಡೆಯುವಾಗ ಆಚೆ ಬದಿಯವರು ಎದ್ದು ಹೋದದ್ದು ಸರ್ವರ್‌ಗೆ ತಾನಾಗಿ ತಿಳಿಯುವುದಿಲ್ಲ. ಮಧ್ಯೆ ಮಧ್ಯೆ ಇಣುಕಿ ನೋಡಲು ಪೋಸ್ಟ್‌ಗ್ರೆಸ್ 14ರಲ್ಲಿ ಕ್ಲೈಂಟ್_ಕನೆಕ್ಷನ್_ಚೆಕ್_ಇಂಟರ್ವಲ್ ಅನ್ನುವ ಸೆಟ್ಟಿಂಗ್ ಬಂತು. ನಾವಾಗಿ ಹಾಕದಿದ್ದರೆ ಅದು ಆಫ್ ಇರುತ್ತದೆ. ಈಗ ನಿಮ್ಮ ಆ್ಯಪ್ ಟೈಮ್‌ಔಟ್ ಆದ ತಕ್ಷಣ ಮೂರು ಸಲ ಮರುಪ್ರಯತ್ನ ಮಾಡುತ್ತದೆ ಅಂದುಕೊಳ್ಳಿ. ಒಬ್ಬ ಬಳಕೆದಾರ, ಒಂದು ಕ್ಲಿಕ್, ಡೇಟಾಬೇಸ್ ಮೇಲೆ ನಾಲ್ಕು ಭಾರದ ಕ್ವೆರಿ. ಅದಕ್ಕೇ ಸರ್ವರ್ ಕಡೆಯೂ ಸ್ಟೇಟ್‌ಮೆಂಟ್_ಟೈಮ್‌ಔಟ್ (ಒಂದು ಕ್ವೆರಿ ಎಷ್ಟು ಹೊತ್ತು ಓಡಬಹುದು ಅನ್ನುವ ಮಿತಿ) ಇಡಬೇಕು ಅನ್ನುವುದು. ಮೊದಲಿಂದ ಅದು 0, ಅಂದರೆ ಮಿತಿಯೇ ಇಲ್ಲ.

ಪ್ರಶ್ನೆ: ಮೈಎಸ್‌ಕ್ಯೂಎಲ್‌ನಲ್ಲಿ ಮ್ಯಾಕ್ಸ್_ಎಕ್ಸಿಕ್ಯೂಷನ್_ಟೈಮ್ 2000 ಮಿಲಿಸೆಕೆಂಡ್ ಇಟ್ಟು, ಸೆಲೆಕ್ಟ್ ಸ್ಲೀಪ್(30) ಓಡಿಸಿದೆ. ಸರಿಯಾಗಿ 2 ಸೆಕೆಂಡಿಗೆ ನಿಂತಿತು, ಆದರೆ ಎರರ್ ಬರಲೇ ಇಲ್ಲ. ನನ್ನ ಟೆಸ್ಟ್ ಫೇಲ್ ಆಗುತ್ತಿದೆ. ಎಲ್ಲಿ ತಪ್ಪಿದೆ?

ನಿಮ್ಮ ತಪ್ಪಿಲ್ಲ. ಮೈಎಸ್‌ಕ್ಯೂಎಲ್‌ನ ಸ್ಲೀಪ್ ಸ್ವಭಾವವೇ ಹಾಗೆ. ಕ್ವೆರಿಯಲ್ಲಿ ಸ್ಲೀಪ್ ಬಿಟ್ಟು ಬೇರೇನೂ ಇಲ್ಲದಿದ್ದಾಗ, ಯಾರಾದರೂ ಮಧ್ಯೆ ಎಬ್ಬಿಸಿದರೆ ಅದು ಎರರ್ ಕೊಡುವುದಿಲ್ಲ. ಉತ್ತರವಾಗಿ 1 ಅಂತ ಕೊಟ್ಟು ಸುಮ್ಮನಾಗುತ್ತದೆ. ಪೂರ್ತಿ ನಿದ್ದೆ ಆದರೆ 0. ನಿಮ್ಮ ಫಲಿತಾಂಶ ನೋಡಿ, 1 ಇದ್ದೇ ಇರುತ್ತದೆ.

ಪರಿಹಾರ ಸುಲಭ. ಒಂದಾದರೂ ಸಾಲು ಇರುವ ಟೇಬಲ್ ತಗೊಂಡು, ವೇರ್ ಷರತ್ತಿನಲ್ಲಿ ಸ್ಲೀಪ್(30) ಹಾಕಿ. ಆಗ ಸ್ಲೀಪ್ ದೊಡ್ಡ ಕ್ವೆರಿಯ ಒಂದು ಭಾಗ ಆಗುತ್ತದೆ, ಮಿತಿ ಮೀರಿದರೆ ಎರರ್ 3024 ಬರುತ್ತದೆ. ಟೇಬಲ್ ಖಾಲಿ ಇದ್ದರೆ ಮಾತ್ರ ಸ್ಲೀಪ್ ಓಡುವುದೇ ಇಲ್ಲ. ಈ ಮಿತಿ ಸೆಲೆಕ್ಟ್‌ಗಷ್ಟೇ ಅನ್ನುವುದೂ ಗೊತ್ತಿರಲಿ. ಅಪ್‌ಡೇಟ್, ಡಿಲೀಟ್‌ಗಳನ್ನು ಅದು ತಡೆಯುವುದಿಲ್ಲ. ಮುಂದೆ ಮರಿಯಾಡಿಬಿಗೆ ಹೋದರೆ ಅಲ್ಲಿ ಹೆಸರು ಮ್ಯಾಕ್ಸ್_ಸ್ಟೇಟ್‌ಮೆಂಟ್_ಟೈಮ್, ಲೆಕ್ಕ ಸೆಕೆಂಡಿನಲ್ಲಿ. ಇಲ್ಲಿನ 2000 ಅಲ್ಲಿ ಹಾಗೇ ಅಂಟಿಸಿದರೆ ಅರ್ಧ ಗಂಟೆ ದಾಟಿ ಕಾಯುತ್ತದೆ.

ಪ್ರಶ್ನೆ: ಕೋಡ್ ಬೇರೆ ತಂಡದ್ದು. ಕ್ವೆರಿ ಬದಲಿಸುವ ಹಾಗಿಲ್ಲ. ಹೊರಗಿನಿಂದ ನಿಧಾನ ಮಾಡಬಹುದಾ?

ಮಾಡಬಹುದು. ನನಗೆ ಇಷ್ಟದ ದಾರಿ ಲಾಕ್. ಇನ್ನೊಂದು ಟರ್ಮಿನಲ್‌ನಲ್ಲಿ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಸಾಧನ) ತೆರೆದು ನಾಲ್ಕು ಆಜ್ಞೆ ಕೊಡಿ: ಬಿಗಿನ್, ಆಮೇಲೆ ಆರ್ಡರ್ಸ್ ಟೇಬಲ್ ಮೇಲೆ ಆ್ಯಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್, ಆಮೇಲೆ ಪಿಜಿ_ಸ್ಲೀಪ್(20), ಕೊನೆಗೆ ಕಮಿಟ್. ನಾಲ್ಕನ್ನೂ ಒಟ್ಟಿಗೆ ಅಂಟಿಸಿ. ಆ 20 ಸೆಕೆಂಡ್ ಆರ್ಡರ್ಸ್ ಟೇಬಲನ್ನು ಯಾರೂ ಓದಲೂ ಆಗುವುದಿಲ್ಲ. ಮುಗಿದ ಮೇಲೆ ಲಾಕ್ ತಾನಾಗೇ ಬಿಡುತ್ತದೆ, ಹಾಗಾಗಿ ಲಾಕ್ ಹಾಕಿ ಊಟಕ್ಕೆ ಹೋಗುವ ಅಪಾಯ ಇಲ್ಲ. ಒಂದೇ ಸಾಲನ್ನು ತಡೆದರೆ ಸಾಕು ಅಂದರೆ ಲಾಕ್ ಬದಲು ಆ ಸಾಲಿಗೆ ಒಂದು ಅಪ್‌ಡೇಟ್ ಹಾಕಿ, ಕಮಿಟ್ ಬದಲು ರೋಲ್‌ಬ್ಯಾಕ್ (ಬದಲಾವಣೆ ರದ್ದು) ಮಾಡಿ. ಆಗ ಓದುವವರಿಗೆ ತೊಂದರೆ ಇಲ್ಲ, ಅದೇ ಸಾಲು ಬದಲಿಸಲು ಬಂದವರು ಮಾತ್ರ ಕಾಯುತ್ತಾರೆ. ಅಂದ ಹಾಗೆ ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಸ್ಟೋರೇಜ್ ಎಂಜಿನ್‌ನಲ್ಲಿ ಸಾಲಿನ ಲಾಕ್‌ಗೆ ಕಾಯುವ ಮಿತಿ ಮೊದಲಿಂದಲೇ 50 ಸೆಕೆಂಡ್. ಪೋಸ್ಟ್‌ಗ್ರೆಸ್‌ನಲ್ಲಿ ಲಾಕ್_ಟೈಮ್‌ಔಟ್ ನಾವಾಗಿ ಇಡದಿದ್ದರೆ ಎಷ್ಟು ಹೊತ್ತಾದರೂ ಕಾಯುತ್ತದೆ.

ಎರಡನೆಯ ದಾರಿ ತಂತಿಯಲ್ಲೇ ತಡ ಹಾಕುವುದು. ಶಾಪಿಫೈನವರು ಮಾಡಿ ಓಪನ್ ಸೋರ್ಸ್ ಆಗಿ ಬಿಟ್ಟ ಟಾಕ್ಸಿಪ್ರಾಕ್ಸಿ ಅಂತ ಒಂದು ಸಾಧನ ಇದೆ. ಆ್ಯಪ್ ಮತ್ತು ಡೇಟಾಬೇಸ್ ಮಧ್ಯೆ ಕೂರುತ್ತದೆ. ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಪೋರ್ಟ್ ಬದಲಿಸಿದರೆ ಆಯಿತು, ಆಮೇಲೆ ಎಷ್ಟು ಮಿಲಿಸೆಕೆಂಡ್ ತಡ ಬೇಕೋ ಹೇಳಬಹುದು. ಲಿನಕ್ಸ್‌ನ ಟಿಸಿ ಆಜ್ಞೆಯ ನೆಟ್‌ಎಮ್ ಕೂಡ ಇದೇ ಕೆಲಸ ಮಾಡುತ್ತದೆ. ಆದರೆ ಲೂಪ್‌ಬ್ಯಾಕ್ (ಮಷಿನ್ ತನ್ನೊಳಗೇ ಮಾತಾಡಿಕೊಳ್ಳುವ ನೆಟ್‌ವರ್ಕ್) ಮೇಲೆ 100 ಮಿಲಿಸೆಕೆಂಡ್ ಹಾಕಿದರೆ ಹೋಗುವಾಗ 100, ಬರುವಾಗ 100, ಒಟ್ಟು 200 ಆಗುತ್ತದೆ. ಅದೇ ಮಷಿನ್‌ನಲ್ಲಿ ಲೂಪ್‌ಬ್ಯಾಕ್ ಬಳಸುವ ಉಳಿದ ಎಲ್ಲವೂ ಕುಂಟುತ್ತವೆ.

ಸ್ಲೀಪ್ ತೋರಿಸದ ಒಂದು ಕಾಯಿಲೆಯನ್ನು ಈ ದಾರಿ ತೋರಿಸುತ್ತದೆ. ಒಂದು ಪುಟ ಮೊದಲು 40 ಆರ್ಡರ್‌ಗಳ ಪಟ್ಟಿ ತಂದು, ಆಮೇಲೆ ಒಂದೊಂದಕ್ಕೂ ಗ್ರಾಹಕರ ಹೆಸರು ಬೇರೆ ಬೇರೆಯಾಗಿ ಕೇಳುತ್ತದೆ ಅನ್ನಿ. ಒಟ್ಟು 41 ಕ್ವೆರಿ. ಲ್ಯಾಪ್‌ಟಾಪ್‌ನಲ್ಲಿ ಗೊತ್ತೇ ಆಗುವುದಿಲ್ಲ. ಪ್ರತಿ ಸುತ್ತಿಗೂ 100 ಮಿಲಿಸೆಕೆಂಡ್ ತಡ ಸೇರಿಸಿ ನೋಡಿ, ಪುಟಕ್ಕೆ 4.1 ಸೆಕೆಂಡ್ ಜಾಸ್ತಿ! ಯಾವ ಕ್ವೆರಿಯೂ ನಿಧಾನ ಇಲ್ಲ, ಸ್ಲೋ ಕ್ವೆರಿ ಲಾಗ್‌ನಲ್ಲೂ ಏನೂ ಬರುವುದಿಲ್ಲ, ಪುಟ ಮಾತ್ರ ತೆವಳುತ್ತದೆ.

ಪ್ರಶ್ನೆ: ಎಲ್ಲ ಕ್ವೆರಿಗೂ ಸ್ಲೀಪ್ ಹಾಕಿ ಲೋಡ್ ಟೆಸ್ಟ್ ಮಾಡಿದೆ. ಡೇಟಾಬೇಸ್ ಮಷಿನ್‌ನ ಸಿಪಿಯು ಏರಲೇ ಇಲ್ಲ. ನಮ್ಮ ಸರ್ವರ್ ಗಟ್ಟಿ ಇದೆ ಅಂತ ಮ್ಯಾನೇಜರ್‌ಗೆ ಹೇಳಬಹುದಾ?

ದಯವಿಟ್ಟು ಹೇಳಬೇಡಿ. ಮಲಗಿದವನ ಬೆವರು ಅಳೆದ ಹಾಗಾಯಿತು. ಸ್ಲೀಪ್ ಕನೆಕ್ಷನ್ ಹಿಡಿದಿಡುತ್ತದೆ ಅಷ್ಟೇ. ಸಿಪಿಯು ಸುಡುವುದಿಲ್ಲ, ಡಿಸ್ಕ್ ಓದುವುದಿಲ್ಲ. ಆ್ಯಪ್ ಕಡೆಯ ವರ್ತನೆ ನೋಡಲು ಅದು ಸರಿ. ಡೇಟಾಬೇಸ್‌ನ ತಾಕತ್ತು ನೋಡಲು ನಿಜವಾದ ಕೆಲಸ ಕೊಡಬೇಕು.

ಸಿಪಿಯು ಬಿಸಿ ಮಾಡಲು ಮೈಎಸ್‌ಕ್ಯೂಎಲ್‌ನಲ್ಲಿ ಬೆಂಚ್‌ಮಾರ್ಕ್ ಫಂಕ್ಷನ್ ಇದೆ. ಒಂದು ಲೆಕ್ಕವನ್ನು ಹೇಳಿದಷ್ಟು ಸಲ ಮಾಡುತ್ತದೆ, ಉದಾಹರಣೆಗೆ ಎಸ್‌ಎಚ್‌ಎ2 ಹ್ಯಾಷ್ ಕೋಟಿ ಸಲ. ಪೋಸ್ಟ್‌ಗ್ರೆಸ್‌ನಲ್ಲಿ ಜನರೇಟ್_ಸೀರೀಸ್‌ನಿಂದ ಕೋಟಿ ಸಂಖ್ಯೆ ಹುಟ್ಟಿಸಿ, ಒಂದೊಂದಕ್ಕೂ ಎಂಡಿ5 ತೆಗೆದು, ಅದರಲ್ಲಿ ದೊಡ್ಡದು ಯಾವುದು ಅಂತ ಕೇಳಿ. ಇಲ್ಲಿ ಸೆಕೆಂಡ್ ನಿಮ್ಮ ಕೈಯಲ್ಲಿರುವುದಿಲ್ಲ, ಮಷಿನ್ ಮೇಲೆ ಹೋಗುತ್ತದೆ. ಡಿಸ್ಕ್ ವಿಷಯ ಗೊತ್ತಾಗಬೇಕು ಅಂದರೆ ಮಾತ್ರ ಮೊದಲ ಪ್ರಶ್ನೆಯಲ್ಲಿ ಬೇಡ ಅಂದಿದ್ದ ಆ ಲಕ್ಷಾಂತರ ಸಾಲು ಬೇಕು, ಅದೂ ಮೆಮೊರಿಯಲ್ಲಿ ಹಿಡಿಸದಷ್ಟು.

ಪ್ರಶ್ನೆ: ಟೈಮ್‌ಔಟ್ ಟೆಸ್ಟ್‌ಗಳಿಂದ ನಮ್ಮ ಇಡೀ ಟೆಸ್ಟ್ ಓಟ ನಿಧಾನವಾಗಿದೆ. ಒಂದೊಂದಕ್ಕೂ 30 ಸೆಕೆಂಡ್ ಕಾಯಲೇಬೇಕಾ?

ಬೇಡ. ಮಿತಿಯನ್ನೇ ಕುಗ್ಗಿಸಿ. ಟೆಸ್ಟ್‌ನಲ್ಲಿ ಸ್ಟೇಟ್‌ಮೆಂಟ್_ಟೈಮ್‌ಔಟ್ 200 ಮಿಲಿಸೆಕೆಂಡ್ ಇಟ್ಟು ಪಿಜಿ_ಸ್ಲೀಪ್(2) ಓಡಿಸಿ. ಕಾಲು ಸೆಕೆಂಡಿನೊಳಗೆ 57014 ಕೋಡಿನ ಎರರ್ ಬರುತ್ತದೆ, 30 ಸೆಕೆಂಡಿನ ಮಿತಿ ಮೀರಿದಾಗ ಬರುವುದೂ ಅದೇ. ಎರಡು ಸಂಖ್ಯೆಗಳ ಮಧ್ಯೆ ಹತ್ತು ಪಟ್ಟಾದರೂ ಅಂತರ ಇರಲಿ. 200ಕ್ಕೆ 250 ಅಂತ ಜಿಪುಣತನ ಮಾಡಿದರೆ, ಮಷಿನ್ ಸ್ವಲ್ಪ ಬ್ಯುಸಿ ಇದ್ದ ದಿನ ಟೆಸ್ಟ್ ಸುಮ್ನೆ ಬಿದ್ದು ನಿಮ್ಮ ತಲೆ ತಿನ್ನುತ್ತದೆ. ಎರರ್ ಬಂದ ಮೇಲೆ ಅದೇ ಪೂಲ್‌ನಿಂದ ಇನ್ನೊಂದು ಚಿಕ್ಕ ಕ್ವೆರಿ ಓಡಿಸಿ, ಕನೆಕ್ಷನ್ ವಾಪಸ್ ಬಂದಿದೆಯಾ ಅಂತ ನೋಡುವ ಸಾಲನ್ನೂ ಟೆಸ್ಟ್‌ಗೆ ಸೇರಿಸಿ. ಪೂಲ್ ಗಾತ್ರ 1 ಇಟ್ಟರೆ, ಕನೆಕ್ಷನ್ ಸೋರುತ್ತಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.